ಕಾದ ಎಣ್ಣೆ, ಕಾದ ಕೊಟ್ರೇಶಿ

ಅದು 2025ರ ನವೆಂಬರ್ 7. ನಾಗಕ್ಕನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ಕೊಟ್ರೇಶಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ ರೀತಿ ನೋಡಿಯೇ ರುದ್ರಣ್ಣನಿಗೆ ಏನೋ ಆಗಿದೆ ಅನ್ನಿಸಿತು.

“ಯಾರಲೇ ಹೋದವರು?”

“ಯಾರೂ ಹೋಗಿಲ್ಲ ರುದ್ರಣ್ಣ. ಮುಂದಕ್ಕೆ ಹೋಯ್ತು.”

“ಏನು?”

“ಜಿಟಿಎ ಆರು, ಆ ವಿಡಿಯೋ ಗೇಮು. ಮುಂದಿನ ಮೇ 26ಕ್ಕೆ ಬರಬೇಕಿತ್ತು. ಬೆಳಿಗ್ಗೆ ಎದ್ದು ಮೊಬೈಲ್ ನೋಡ್ತೀನಿ, ನವೆಂಬರ್ 19 ಅಂತ ಹಾಕಿದಾರೆ.”

“ಈಗ ನವೆಂಬರೇ ಅಲ್ವೇನೋ. ಇನ್ನು ಹನ್ನೆರಡು ದಿನ ತಾನೇ, ತಡ್ಕೋ.”

“ಈ ನವೆಂಬರ್ ಅಲ್ಲ. 2026ರ ನವೆಂಬರ್.”

ರುದ್ರಣ್ಣ ಒಂದು ಹಿಡಿ ಮಂಡಕ್ಕಿ ಬಾಯಿಗೆ ಎಸೆದುಕೊಂಡ. ಸಾವಿನ ಮನೆಯಲ್ಲಿ ಕೂತವರು ಹೇಗೆ ನಿಧಾನಕ್ಕೆ ವಿಚಾರಿಸುತ್ತಾರೋ ಹಾಗೆ ಕೇಳಿದ. “ಎಷ್ಟು ವರ್ಷದಿಂದ ಕಾಯ್ತಾ ಇದ್ದೆ?”

“ಐದನೇದು ಬಂದದ್ದು 2013ರ ಸೆಪ್ಟೆಂಬರ್ 17. ಆಗ ನಾನು ಇಂಜಿನಿಯರಿಂಗ್ ಐದನೇ ಸೆಮಿಸ್ಟರು. ಗೇಮ್ ಪಾರ್ಲರಿಗೆ ಹೋಗಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ್ದೆ. ನಾಲ್ಕು ಸಬ್ಜೆಕ್ಟ್ ಬ್ಯಾಕ್ ಉಳೀತು.”

“ಆಡಿದ್ದಕ್ಕೆ ನಾಲ್ಕು. ಹನ್ನೆರಡು ವರ್ಷ ಕಾದಿದ್ದಕ್ಕೆ ಎಷ್ಟು ಬ್ಯಾಕ್ ಉಳಿದಿದಾವೋ, ಅದನ್ನ ಯಾರು ಲೆಕ್ಕ ಹಾಕ್ತಾರೆ?”

ಅಷ್ಟರಲ್ಲಿ ನಾಗಕ್ಕ ಬಾಂಡಲಿಗೆ ಹಿಟ್ಟಿನ ಒಂದು ತೊಟ್ಟು ಬಿಟ್ಟು ನೋಡಿದಳು. ತೊಟ್ಟು ತಳಕ್ಕೆ ಹೋಗಿ ಅಲ್ಲೇ ಕೂತಿತು. ಮೇಲೆ ಬರಲಿಲ್ಲ. ಸೀಳಿ ಅಜ್ವಾನ, ಉಪ್ಪು ಸವರಿದ ಮೆಣಸಿನಕಾಯಿಗಳು ತಟ್ಟೆಯಲ್ಲಿ ಸಾಲಾಗಿ ಮಲಗಿದ್ದವು.

“ಎರಡೇ ನಿಮಿಷ ತಡ್ಕೊಳ್ರಿ. ಇನ್ನೂ ಕಾದಿಲ್ಲ,” ಅಂದಳು.

“ನೋಡು ಕೊಟ್ರೇಶಿ,” ರುದ್ರಣ್ಣ ಬಾಂಡಲಿ ಕಡೆ ಕೈ ತೋರಿಸಿದ. “ಎಣ್ಣೆ ಹತ್ತು ನಿಮಿಷ ಕಾದರೆ ಮೆಣಸಿನಕಾಯಿ ಬೇಯುತ್ತೆ. ನೀನು ಹನ್ನೆರಡು ವರ್ಷ ಕಾದೆ. ಏನು ಬೇಯ್ತು?”

ಮೊಬೈಲ್ ಅಂಗಡಿ ಅಲ್ತಾಫನಿಗೆ ಇದು ಸರಿಬರಲಿಲ್ಲ. ಅವನು ಈ ವಿಷಯದಲ್ಲಿ ಊರಿಗೇ ವಕೀಲ. ಟ್ರೈಲರನ್ನು ಒಂದೊಂದೇ ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡಿದವನು. ಹಿಂದೆ ನಿಂತಿರುವ ಕಾರಿನ ನಂಬರ್ ಪ್ಲೇಟಿನಲ್ಲೂ ಏನೋ ಗುಟ್ಟಿದೆ ಅಂತ ನಂಬಿದವನು.

“ರುದ್ರಣ್ಣ, ನಿಮಗೆ ಅದರ ಗಾತ್ರ ಗೊತ್ತಿಲ್ಲ. ಐದನೇದು 20 ಕೋಟಿಗೂ ಜಾಸ್ತಿ ಮಾರಿದೆ. ಈ ಸಲ ಲಿಯೋನಿಡಾ ಅಂತ ಇಡೀ ಒಂದು ರಾಜ್ಯ ಕಟ್ಟಿದಾರೆ. ಅದರೊಳಗೆ ವೈಸ್ ಸಿಟಿ. ಲೂಸಿಯಾ, ಜೇಸನ್ ಅಂತ ಇಬ್ಬರು. 2023ರ ಡಿಸೆಂಬರ್‌ನಲ್ಲಿ ಒಂದೂವರೆ ನಿಮಿಷದ ಟ್ರೈಲರ್ ಬಿಟ್ಟರಲ್ಲ, ಅದು ಮೊದಲೇ ಸೋರಿ ಹೋಗಿ, ಹೇಳಿದ್ದಕ್ಕಿಂತ ಒಂದು ದಿನ ಮುಂಚೆನೇ ಬಿಡಬೇಕಾಯ್ತು.”

“ಅಷ್ಟೇ ನೋಡಪ್ಪ ಅವರ ಕಡೆಯಿಂದ ಟೈಮಿಗಿಂತ ಮುಂಚೆ ಬಂದದ್ದು.”

“ಮೊದಲು 2025 ಅಂದ್ರು. ಈ ಮೇ ತಿಂಗಳಲ್ಲಿ ಅದನ್ನ 2026ರ ಮೇಗೆ ಹಾಕಿದ್ರು. ಹಾಕಿ ನಾಲ್ಕೇ ದಿನಕ್ಕೆ ಎರಡನೇ ಟ್ರೈಲರ್ ಬಿಟ್ರು.”

“ಮಗು ಅಳುತ್ತೆ ಅಂತ ಗೊತ್ತಿದ್ದು ಪೆಪ್ಪರ್‌ಮೆಂಟ್ ತಂದಿಟ್ಟುಕೊಂಡಿದ್ರು ಅನ್ನು.”

ಕೊಟ್ರೇಶಿ ಮಾತ್ರ ಮಾತಾಡಲಿಲ್ಲ. ಮಂಡಕ್ಕಿ ಮುಂದಿಟ್ಟರೂ ಕೈ ಹಾಕಲಿಲ್ಲ. ದಾವಣಗೆರೆಯಲ್ಲಿ ಹುಟ್ಟಿದವನು ಖಾರ ಮಂಡಕ್ಕಿ ಮುಂದೆ ಸುಮ್ಮನೆ ಕೂತಿದಾನೆ ಅಂದರೆ ಒಳಗೆ ಇನ್ನೇನೋ ಇದೆ ಅಂತಲೇ ಅರ್ಥ.

“ಇಷ್ಟೇ ಅಲ್ಲ ಬಿಡು. ಇನ್ನೇನಿದೆ ಹೇಳು,” ಅಂದ ರುದ್ರಣ್ಣ.

“ಬಾಮೈದನ ಮದುವೆ.”

“ಅದಕ್ಕೂ ಇದಕ್ಕೂ?”

“ನಮ್ಮ ಮಾವ ಮೇ 26ಕ್ಕೆ ಇಟ್ಟುಕೊಳ್ಳೋಣ ಅಂದಿದ್ರು. ನಾನು ಒಂದು ತಿಂಗಳು ಬೆನ್ನು ಹತ್ತಿದೆ. ಮೇ ಬಿಸಿಲಿಗೆ ಅಡುಗೆಯವರೇ ಬೆಂದು ಹೋಗ್ತಾರೆ ಮಾವ, ವಯಸ್ಸಾದವರು ಬರೋದು ಹೆಂಗೆ, ತಂಪು ಹೊತ್ತಲ್ಲಿ ಮಾಡೋಣ ಅಂತ. ಎಲ್ಲರ ಮುಂದೆ ‘ಅಳಿಯ ಅಂದ್ರೆ ಹಿಂಗಿರಬೇಕು’ ಅಂದ್ರು. ಹದಿನೈದು ದಿನದ ಹಿಂದೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಬಂದ್ವಿ.”

“ಯಾವ ತಾರೀಕು?”

“2026ರ ನವೆಂಬರ್ 18, 19. ಬುಧವಾರ ಆರತಕ್ಷತೆ. ಗುರುವಾರ ಮುಹೂರ್ತ.”

ಒಂದು ಗಳಿಗೆ ಬಾಂಡಲಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲು ನಕ್ಕವಳು ನಾಗಕ್ಕ. ಆಮೇಲೆ ಪಕ್ಕದ ಬೆಂಚಿನಲ್ಲಿ ಕೂತಿದ್ದ, ಯಾರು ಅಂತಲೇ ಗೊತ್ತಿಲ್ಲದ ಒಬ್ಬರು. ಅಲ್ತಾಫ್ ಮಂಡಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮಿದ.

“ಅಯ್ಯನೋರನ್ನ ಯಾಕಲೇ ಕೇಳಿದ್ರಿ?” ಅಂದ ರುದ್ರಣ್ಣ, ಕಣ್ಣು ಒರೆಸಿಕೊಳ್ಳುತ್ತಾ. “ಆ ಅಮೆರಿಕದವರ ಹತ್ರನೇ ಪಂಚಾಂಗ ತೆಗೆಸಬೇಕಿತ್ತು. ಹೋಗಲಿ ಬಿಡು, ಚಿಂತೆ ಮಾಡಬೇಡ. ಮದುವೆ ಮುಂದಕ್ಕೆ ಹೋಗಲ್ಲ, ಅಡ್ವಾನ್ಸ್ ಕೊಟ್ಟಾಗಿದೆ. ಆ ಗೇಮು ಇನ್ನೊಂದ್ಸಲ ಹೋದರೂ ಹೋಯಿತು. ಅದಕ್ಕೆ ಯಾರೂ ಛತ್ರ ಬುಕ್ ಮಾಡಿಲ್ಲವಲ್ಲ.”

ತಿಪ್ಪೇಶಿ ಬಂದಿದ್ದು ಆಗ. ಚಿತ್ರದುರ್ಗದಿಂದ ವಾರಕ್ಕೆ ಎರಡು ಸಲ ಬೀಜ ಗೊಬ್ಬರದ ಲೆಕ್ಕಕ್ಕೆ ಬರುವವನು, ಬಸ್ಸು ಹತ್ತುವ ಮುಂಚೆ ಇಲ್ಲಿ ಕೂತೇ ಹೋಗುವುದು. ವಿಷಯ ಏನು ಅಂತ ಕೇಳಿಕೊಂಡ. ಕಾಯುವ ವಿಷಯ ಅಂದ ಕೂಡಲೇ ಬೆಂಚಿನ ಮಧ್ಯಕ್ಕೆ ಸರಿದು ಕೂತ.

“ಹನ್ನೆರಡು ವರ್ಷನಾ? ಇದನ್ನೆಲ್ಲ ನಮ್ಮ ದುರ್ಗದವರ ಮುಂದೆ ಹೇಳಬೇಡ ತಮ್ಮ, ನಗ್ತಾರೆ. ಮಾರಿಕಣಿವೆ ಡ್ಯಾಮ್ ಕೋಡಿ ಬಿದ್ದಿದ್ದು 1933ರಲ್ಲಿ. ಮತ್ತೆ ಬಿದ್ದಿದ್ದು 2022ಕ್ಕೆ. 89 ವರ್ಷ. ನಮ್ಮಜ್ಜ ಕಾದ. ನಮ್ಮಪ್ಪ ಕಾದ. ಪ್ರತಿ ಮಳೆಗಾಲ ‘ಈ ಸಲ ತುಂಬುತ್ತೆ’ ಅಂದ್ಕೊಂಡೇ ಹೋದರು. 2022ರಲ್ಲಿ ನಾನು ಟ್ರ್ಯಾಕ್ಟರ್ ತುಂಬ ಜನ ಹತ್ತಿಸಿಕೊಂಡು ಹೋಗಿ ನೋಡಿಬಂದೆ.”

“ಆಮೇಲೆ 2025ರಲ್ಲಿ ಮತ್ತೆ ಬಿತ್ತಲ್ಲ,” ಅಂದ ಅಲ್ತಾಫ್.

“ಹೌದು. ಎರಡನೇ ಭಾಗ ಮೂರೇ ವರ್ಷಕ್ಕೆ. ನಿಮ್ಮ ಕಂಪನಿಯವರು ನಮ್ಮ ಮಾರಿಕಣಿವೆ ನೋಡಿ ಕಲೀಬೇಕು.” ತಿಪ್ಪೇಶಿ ಮೆಣಸಿನಕಾಯಿ ತೊಟ್ಟು ಹಿಡಿದು ಮುರಿದ. “ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂದ್ರು. ಟ್ರೈಲರ್ ಬಹಳ ಚೆನ್ನಾಗಿತ್ತು. ನಮ್ಮ ಹೊಲದಲ್ಲಿ ಇನ್ನೂ ಲೋಡಿಂಗ್.”

ಅಲ್ತಾಫ್ ಸೋಲು ಒಪ್ಪುವವನಲ್ಲ. ಗೇಮಿನಲ್ಲೂ ಹೀಗೆ ಕಾಯಿಸಿದವರು ಇದಾರೆ ಅಂತ ಹೇಳಿದ. ಹಾಗೆ ಹೇಳಿದರೆ ಯಾರ ವಾದಕ್ಕೆ ಬಲ ಬರುತ್ತೆ ಅಂತ ಅವನು ಯೋಚನೆ ಮಾಡಲಿಲ್ಲ. “ಡ್ಯೂಕ್ ನ್ಯೂಕೆಮ್ ಫಾರೆವರ್ ಅಂತ ಒಂದು. 1997ರಲ್ಲಿ ಘೋಷಣೆ ಆಯ್ತು, ಬಂದದ್ದು 2011ಕ್ಕೆ.”

“1997 ಅಂದ್ರೆ ನಮ್ಮ ದಾವಣಗೆರೆ ಜಿಲ್ಲೆ ಆದ ವರ್ಷ,” ಅಂದ ರುದ್ರಣ್ಣ. “ಆಗಸ್ಟ್ 15.”

“ಜಿಲ್ಲೆ ಆಗಿದ್ದಲ್ಲ, ನಮ್ಮಿಂದ ಕಿತ್ತುಕೊಂಡಿದ್ದು,” ಅಂದ ತಿಪ್ಪೇಶಿ.

“ಕಿತ್ತುಕೊಂಡ್ವೋ ಪಾಲಾಯಿತೋ, ಹೇಳಿದ ವರ್ಷವೇ ಆಯ್ತು ತಾನೇ? ಒಂದು ಇಡೀ ಜಿಲ್ಲೆ ಆಯ್ತು, ಅದಕ್ಕೆ ಡಿಸಿ ಬಂದ, ಆಫೀಸು ಬಂತು, ಆಫೀಸಿನ ಗೋಡೆ ಸುಣ್ಣ ಉದುರಿ ಮತ್ತೆ ಸುಣ್ಣ ಹೊಡೆದರು. ಅವರ ಗೇಮು ಇನ್ನೂ ಬರ್ತಾನೇ ಇತ್ತು. ಬಂದ ಮೇಲೆ ಹೆಂಗಿತ್ತು?”

ಅಲ್ತಾಫ್ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಷ್ಟಕ್ಕಷ್ಟೇ.”

ಅವನಿಗೆ ಅಲ್ಲಿಗೆ ನಿಲ್ಲಿಸಲು ಬರಲಿಲ್ಲ. ಎಲ್ಡರ್ ಸ್ಕ್ರೋಲ್ಸ್ ಆರನೇದಕ್ಕೆ 2018ರಲ್ಲೇ ಟೀಸರ್ ಬಂದಿತ್ತು, ಅರ್ಧ ನಿಮಿಷದಷ್ಟು, ಇವತ್ತಿಗೂ ಗೇಮ್ ಬಂದಿಲ್ಲ ಅಂದ.

“ಅರ್ಧ ನಿಮಿಷದಲ್ಲಿ ಏನು ತೋರಿಸಿದ್ರು?”

“ಬೆಟ್ಟ.”

“ಬೆಟ್ಟ?”

“ಒಂದಿಷ್ಟು ಬೆಟ್ಟ, ಮೇಲೆ ಹೆಸರು.”

“ಬೆಟ್ಟ ನೋಡಬೇಕಂದ್ರೆ ಜೋಗಿಮಟ್ಟಿಗೆ ಬಾರಪ್ಪ,” ಅಂದ ತಿಪ್ಪೇಶಿ. “ಅರ್ಧ ನಿಮಿಷ ಅಲ್ಲ, ಅರ್ಧ ದಿನ ನೋಡು.”

ರುದ್ರಣ್ಣನ ನಿಜವಾದ ಸಿಟ್ಟು ಶುರುವಾದದ್ದು ಪ್ರೀ-ಆರ್ಡರ್ ಮಾತು ಬಂದಾಗ. ಗೇಮ್ ಬರುವ ಮೊದಲೇ ಪೂರ್ತಿ ದುಡ್ಡು ಕಟ್ಟುತ್ತಾರೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಅದರಲ್ಲಿ ಮಾಮೂಲಿ ಒಂದು, ಡಿಲಕ್ಸ್ ಒಂದು, ಅದರ ಮೇಲೆ ಇನ್ನೊಂದು. ಡಿಲಕ್ಸ್ ತಗೊಂಡವರಿಗೆ ಕೆಲವು ಸಲ ಎರಡು ಮೂರು ದಿನ ಮುಂಚೆ ಆಡಲು ಬಿಡುತ್ತಾರೆ.

“ನಾಗಕ್ಕ, ಇಲ್ಲಿ ಕೇಳು,” ಅಂದ. “ನಾಳೆಯಿಂದ ನೀನು ಮೆಣಸಿನಕಾಯಿ ಕರೀಬೇಡ. ‘ಮುಂದಿನ ಯುಗಾದಿಗೆ ಕರಿತೀನಿ’ ಅಂತ ಬೋರ್ಡ್ ಹಾಕು. ದುಡ್ಡು ಈಗಲೇ ಇಸ್ಕೋ. ಜಾಸ್ತಿ ಕೊಟ್ಟವರಿಗೆ ಅಜ್ವಾನ ಜಾಸ್ತಿ. ಇನ್ನೂ ಜಾಸ್ತಿ ಕೊಟ್ಟವರು ಎರಡು ದಿನ ಮುಂಚೆ ಬಂದು ಎಣ್ಣೆ ವಾಸನೆ ಕುಡಿಬಹುದು. ಯುಗಾದಿ ಹತ್ರ ಬಂದಾಗ, ‘ನಿಮಗೆ ಇನ್ನೂ ಒಳ್ಳೆ ಮೆಣಸಿನಕಾಯಿ ಕೊಡಬೇಕು ಅನ್ನೋ ಆಸೆಯಿಂದ ದೀಪಾವಳಿಗೆ ಹಾಕಿದೀವಿ’ ಅಂತ ಒಂದು ಚೀಟಿ ಅಂಟಿಸು.”

“ಬೋರ್ಡಿಗೆ ಕಲ್ಲು ಹೊಡೀತಾರೆ,” ಅಂದಳು ನಾಗಕ್ಕ. “ತಿಂದ ಮೇಲೆ ರೊಕ್ಕ ಕೊಡ್ರಿ ಅಂದ್ರೇನೇ ನೀವು ನಾಳೆ ಅಂತೀರಿ.”

“ಹೊಡಿಯಲ್ಲ. ಸಾಲು ನಿಲ್ತಾರೆ. ಈ ಕೊಟ್ರೇಶಿನೇ ಮೊದಲು ನಿಲ್ತಾನೆ.”

ಅಲ್ತಾಫ್ ಆಗ ಒಂದು ಒಳ್ಳೆ ಮಾತು ಹೇಳಿದ. ತಡ ಆದರೆ ಆಗಲಿ, ಅವಸರ ಮಾಡಿದರೆ ಇನ್ನೂ ಕಷ್ಟ ಅಂದ. ಸೈಬರ್‌ಪಂಕ್ 2077 ನೋಡಿ: 2012ರಲ್ಲಿ ಘೋಷಣೆ. 2020ರ ಏಪ್ರಿಲ್‌ಗೆ ಅಂದರು, ಸೆಪ್ಟೆಂಬರ್ ಅಂದರು, ನವೆಂಬರ್ ಅಂದರು, ಕೊನೆಗೆ ಡಿಸೆಂಬರ್ 10ಕ್ಕೆ ಬಿಟ್ಟರು. ಟಿವಿಗೆ ಸಿಕ್ಕಿಸಿ ಆಡುವ ಹಳೇ ಕನ್ಸೋಲ್‌ನಲ್ಲಿ ಹಾಕಿದರೆ ನಡುವೆ ನಿಂತು ಹೋಗುತ್ತಿತ್ತು, ಜನರ ಮುಖ ಕರಗುತ್ತಿತ್ತು. ಒಂದು ವಾರದಲ್ಲಿ ಪ್ಲೇಸ್ಟೇಷನ್ನಿನ ಆನ್‌ಲೈನ್ ಅಂಗಡಿಯಿಂದಲೇ ತೆಗೆದು, ದುಡ್ಡು ವಾಪಸ್ ಕೊಟ್ಟರು. ಆಮೇಲೆ ವರ್ಷಗಟ್ಟಲೆ ತೇಪೆ ಹಾಕಿ ಹಾಕಿ ಈಗ ಚೆನ್ನಾಗಿದೆ ಅಂತಾರೆ.

“ಒಳಗೆ ಹಸಿ ಹಿಟ್ಟು ಇರೋ ಮೆಣಸಿನಕಾಯಿ,” ಅಂದ ರುದ್ರಣ್ಣ. “ಅದನ್ನ ವಾಪಸ್ ಇಸ್ಕೊಂಡು ಮತ್ತೆ ಎಣ್ಣೆಗೆ ಬಿಟ್ಟರು. ಒಪ್ಪಿದೆ. ಎಣ್ಣೆ ಕಾಯದೆ ಬಿಡಬಾರದು, ಅದು ಸರಿ. ನನ್ನ ಜಗಳ ಕರಿಯೋರ ಮೇಲಲ್ಲ. ಎಣ್ಣೆ ಇನ್ನೂ ಗಾಣದಲ್ಲಿದೆ, ಇವರು ಎಲೆ ಹಾಕಿಕೊಂಡು ಕೂತಿದಾರಲ್ಲ, ಅವರ ಮೇಲೆ. ನಾಳೆ ಟ್ರೈಲರ್ ಬರುತ್ತೆ ಅಂತ ಹೇಳೋಕೆ ಇವತ್ತೊಂದು ವಿಡಿಯೋ. ಅದನ್ನ ನೋಡಿ ಅಳೋರು ಬೇರೆ ವಿಡಿಯೋ ಮಾಡ್ತಾರೆ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ ಯಾರಾದ್ರೂ ಟ್ರೈಲರ್ ಬಿಟ್ಟಿದಾರಾ? ಮನೆ ತುಂಬ ನೆಂಟರು ಬಂದು ಬಿದ್ದರೆ ಅದೇ ಟ್ರೈಲರ್.”

ಕಾಯಿಸಿದರೂ ಕೊನೆಗೆ ಬಂದದ್ದೂ ಇದೆ ಅಂತ ಅಲ್ತಾಫ್ ಕೊನೆಯ ಸಾಕ್ಷಿ ಎಳೆದು ತಂದ. ಹಾಲೋ ನೈಟ್ ಸಿಲ್ಕ್‌ಸಾಂಗ್. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಜನ ಕೂತು ಮಾಡಿದ ಗೇಮು. 2019ರಲ್ಲಿ ಹೇಳಿದರು. ಮಧ್ಯೆ ವರ್ಷಗಟ್ಟಲೆ ಉಸಿರೇ ಇಲ್ಲ. ಮೊನ್ನೆ ಸೆಪ್ಟೆಂಬರ್ 4ಕ್ಕೆ ಬಿಟ್ಟರು. ಅವತ್ತು ಕೊಳ್ಳಲು ಬಂದ ಜನಕ್ಕೆ ಆನ್‌ಲೈನ್ ಅಂಗಡಿಗಳೇ ಕುಸಿದು ಕೂತವು.

“ಇದು ಚೆನ್ನಾಗಿದೆ. ಬಾಯಿ ಮುಚ್ಚಿಕೊಂಡು ಕೆಲಸ ಮಾಡೋರು,” ಅಂದ ರುದ್ರಣ್ಣ. “ಕೊಟ್ರೇಶಿ, ನೀನು ತಗೊಂಡ್ಯಾ?”

“ಬಂದ ದಿನವೇ.”

“ಆಡಿದ್ಯಾ?”

ಕೊಟ್ರೇಶಿ ಮಂಡಕ್ಕಿಗೆ ಕೈ ಹಾಕಿದ. ಮೊದಲನೇ ಹಿಡಿ. ನಿಧಾನಕ್ಕೆ ಅಗಿದ.

“ಇನ್ನೂ ಇಲ್ಲ.”

“ಮನೇಲಿ ಒಟ್ಟು ಎಷ್ಟಿದಾವೆ?”

“ನಲವತ್ತು ಇರಬಹುದು. ಆಫರ್ ಇದ್ದಾಗ ತಗೊಂಡಿದ್ದು.”

“ಮುಗಿಸಿದ್ದು?”

“ಎರಡು. ಮದುವೆಗೆ ಮುಂಚೆ.”

ಯಾರೂ ನಗಲಿಲ್ಲ. ಕೊಟ್ರೇಶಿಯೇ ಹೇಳಿದ. ಪಿಎಸ್5, ಅಂದರೆ ಐದನೇ ಪ್ಲೇಸ್ಟೇಷನ್ ಕನ್ಸೋಲ್, ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2. ಡಿಸ್ಕ್ ಹಾಕುವಂಥದ್ದಕ್ಕೆ 49,990 ರೂಪಾಯಿ. ಜನವರಿ 12ರ ಮಧ್ಯಾಹ್ನ ಬುಕಿಂಗ್ ಶುರುವಾದಾಗ ಅವನ ಬಟ್ಟೆ ಅಂಗಡಿಯಲ್ಲಿ ಒಬ್ಬ ಹೆಂಗಸು ಸೀರೆಗೆ ಒಪ್ಪುವ ಬ್ಲೌಸ್ ಪೀಸ್ ಹುಡುಕಿಸುತ್ತಿದ್ದರು. ಗಿಣಿ ಹಸಿರಲ್ಲ, ಅದಕ್ಕಿಂತ ಸ್ವಲ್ಪ ಕಮ್ಮಿ ಹಸಿರು. ಅವರಿಗೆ ಹಸಿರು ಸಿಗುವಷ್ಟರಲ್ಲಿ ಇವನ ಪಿಎಸ್5 ಖಾಲಿ. ಆಮೇಲೆ ಎಷ್ಟೋ ತಿಂಗಳಿಗೆ, ಡಿಸ್ಕ್ ಇಲ್ಲದ ಮಾದರಿ ಸಿಕ್ಕಿತು. ಅದು ಮನೆಗೆ ಬಂದ ತಿಂಗಳೇ ಮಗಳೂ ಹುಟ್ಟಿದಳು.

“ಬೆಳಿಗ್ಗೆ ಹತ್ತಕ್ಕೆ ಅಂಗಡಿ. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿ ಮನೆಗೆ ಹೋದ್ರೆ ಟಿವಿ ಮುಂದೆ ಮಗಳು ಮಲಗಿರ್ತಾಳೆ. ಎಬ್ಬಿಸೋಕಾಗಲ್ಲ. ಟಾಯ್ಲೆಟ್ಟಿಗೆ ಹೋದಾಗ ಮೊಬೈಲಲ್ಲಿ ಟ್ರೈಲರ್ ನೋಡ್ತೀನಿ. ಒಂದೂವರೆ ನಿಮಿಷ ತಾನೇ. ನನಗೆ ಸಿಗೋದು ಅಷ್ಟೇ ಟೈಮು ರುದ್ರಣ್ಣ. ಬಂದಿರೋ ಗೇಮ್ ಆಡೋಕೆ ನಲವತ್ತು ಗಂಟೆ ಬೇಕು. ಬರೋ ಗೇಮಿಗೆ ಏನೂ ಬೇಡ.”

ನಾಗಕ್ಕ ಹೊಸ ಒಬ್ಬೆ ತೆಗೆದು ಪೇಪರಿನ ಮೇಲೆ ಹಾಕಿದಳು. ಎಣ್ಣೆ ಹರಡಿ ಪೇಪರಿನ ಅಕ್ಷರ ಹಿಂದಿನಿಂದ ಕಾಣತೊಡಗಿತು.

ರುದ್ರಣ್ಣನ ಜೆರಾಕ್ಸ್ ಅಂಗಡಿ ನಾಲಿಗೆಗೆ ಇಂಥ ಹೊತ್ತಲ್ಲಿ ಏನಾದರೂ ಬರಬೇಕಿತ್ತು. ಬರಲಿಲ್ಲ. ಅವನು ಸಂಬಂಧವೇ ಇಲ್ಲದ ಒಂದು ಮಾತು ತೆಗೆದ.

“ಅಲ್ತಾಫ, ನಿಮ್ಮಣ್ಣ ಇಕ್ಬಾಲ್ ಹತ್ರ ಒಂದು ಟಿವಿ ಗೇಮ್ ಇತ್ತು, ನೆನಪಿದೆಯಾ? ಹಳದಿ ಕ್ಯಾಸೆಟ್ಟು. ಮೇಲೆ ‘99 ಲಕ್ಷ ಗೇಮ್’ ಅಂತ ಬರೆದಿರೋರು, ಒಳಗೆ ನೋಡಿದ್ರೆ ಅವೇ ಐದು ತಿರುಗಾಮುರುಗ.”

“ನಾನು ಆಗ ಸಣ್ಣವನು. ನನಗೆ ಕೊಡ್ತಾನೇ ಇರಲಿಲ್ಲ. ತಂತಿ ಇಲ್ಲದ ರಿಮೋಟ್ ಕೈಗೆ ಕೊಟ್ಟು ‘ಆಡು, ನೀನೇ ಆಡ್ತಾ ಇರೋದು’ ಅನ್ನೋನು.”

“ಅದು ಮಾಡಿದ್ದು ನಾನು,” ಅಂದ ರುದ್ರಣ್ಣ. “ಕಾಂಟ್ರಾ ಆಡ್ತಿದ್ವಿ. ಇಬ್ಬರು ಒಟ್ಟಿಗೆ. ಅದರಲ್ಲಿ ಒಬ್ಬನ ಲೈಫ್ ಖಾಲಿ ಆದ್ರೆ ಇನ್ನೊಬ್ಬನ ಲೈಫ್ ತಗೊಂಡು ಆಡಬಹುದಿತ್ತು. ಕೇಳೋದೂ ಬೇಡ, ಬಟನ್ ಒತ್ತಿದ್ರೆ ಆಯ್ತು. ಇಕ್ಬಾಲ್ ಎರಡೇ ನಿಮಿಷದಲ್ಲಿ ತನ್ನದು ಕಳ್ಕೊಂಡು ನನ್ನವೆಲ್ಲ ತಿಂದು ಹಾಕೋನು. ಬೈತಿದ್ದೆ. ಚಿತ್ರ ಬರಲಿಲ್ಲ ಅಂದ್ರೆ ಕ್ಯಾಸೆಟ್ ಕಿತ್ತು ಬಾಯಲ್ಲಿ ಉಫ್ ಅಂತ ಊದಿ ಮತ್ತೆ ಹಾಕೋದು. ಅಷ್ಟೇ ಅಪ್‌ಡೇಟು.”

“ಈಗ ಜೆಡ್ಡಾದಲ್ಲೇ ಇದಾನಾ?” ಅಂತ ಕೇಳಿದ ತಿಪ್ಪೇಶಿ.

“ಅಲ್ಲೇ,” ಅಂದ ಅಲ್ತಾಫ್. “ಹೋದ ರಂಜಾನ್‌ಗೆ ಬರ್ತೀನಿ ಅಂದಿದ್ದ. ಆಮೇಲೆ ಬಕ್ರೀದ್ ಅಂದ. ಈಗ ಮುಂದಿನ ರಂಜಾನ್ ಅಂತಿದಾನೆ.”

“ಅವನೂ ಟ್ರೈಲರ್ ಬಿಡ್ತಾ ಇದಾನೆ ನೋಡು. ಮೊನ್ನೆ ವಿಡಿಯೋ ಕಾಲ್ ಮಾಡಿದ್ದ. ಒಂದೂವರೆ ನಿಮಿಷ.” ರುದ್ರಣ್ಣ ಕೈ ಒರೆಸಿಕೊಂಡು ಎದ್ದ. “ಏ ಕೊಟ್ರೇಶಿ. ಮನೇಲಿ ಯಾರಿದಾರೆ ಇವತ್ತು?”

“ಯಾರೂ ಇಲ್ಲ. ಮಗಳನ್ನ ಕರ್ಕೊಂಡು ತವರಿಗೆ ಹೋಗಿದಾಳೆ. ಭಾನುವಾರ ಬರೋದು.”

“ಮತ್ತೆ ಇಲ್ಲಿ ಯಾಕೆ ಅಳ್ತಾ ಕೂತಿದೀಯ? ನಡಿ. ನಾಗಕ್ಕ, ಒಂದು ಹತ್ತು ಮೆಣಸಿನಕಾಯಿ, ಮಂಡಕ್ಕಿ ಕಟ್ಟಿಕೊಡು. ತಿಪ್ಪೇಶಿ, ಬಸ್ಸು ಇನ್ನೊಂದಿದೆ.”

ನಾಲ್ಕೂ ಜನ ಹೋದರು. ಕೊಟ್ರೇಶಿ ಮನೆಯಲ್ಲಿ ಟಿವಿ ಕೆಳಗೆ ಬಿಳಿ ಪೆಟ್ಟಿಗೆ ನಿಂತಿತ್ತು. ಅದರ ತಲೆ ಮೇಲೆ ಮಗಳ ಹಣೆಬೊಟ್ಟಿನ ಸ್ಟಿಕರ್ ಎರಡು, ಪಕ್ಕದಲ್ಲಿ ಒಂದು ಗೊಂಬೆ ಚಪ್ಪಲಿ. ಕೊಟ್ರೇಶಿ ಅಂಗೈಯಿಂದ ಧೂಳು ಒರೆಸಿ ಆನ್ ಮಾಡಿದ. ಎರಡು ರಿಮೋಟ್ ತೆಗೆದ. ಒಂದಕ್ಕೆ ಚಾರ್ಜ್ ಇರಲಿಲ್ಲ. ಅದನ್ನು ವೈರಿಗೆ ಸಿಕ್ಕಿಸಿದ. ರುದ್ರಣ್ಣ ಚಕ್ಕಳಮಕ್ಕಳ ಹಾಕಿ ಟಿವಿಗೆ ತೀರ ಹತ್ತಿರ ಕೂತ, ತಾಯಂದಿರು ಬೈಯುವಷ್ಟು ಹತ್ತಿರ.

ಪರದೆ ಮೇಲೆ ಅಪ್‌ಡೇಟ್ ಬೇಕು ಅಂತ ಬಂತು. ಮಾಡಿದರು. ಪೆಟ್ಟಿಗೆ ಆಫ್ ಆಗಿ ಆನ್ ಆಯಿತು. ಗೇಮ್ ತೆಗೆದರು. ಅದಕ್ಕೂ ಬೇರೆ ಅಪ್‌ಡೇಟ್ ಬೇಕಂತೆ. ನೀಲಿ ಗೆರೆ ತೆವಳತೊಡಗಿತು.

“ಎಷ್ಟೊತ್ತು ಅಂತೆ?” ಅಂದ ತಿಪ್ಪೇಶಿ.

“ಐವತ್ತು ನಿಮಿಷ ತೋರಿಸ್ತಾ ಇದೆ.”

ತಿಪ್ಪೇಶಿ ಪೊಟ್ಟಣ ಬಿಚ್ಚಿದ. ಮೆಣಸಿನಕಾಯಿ ಇನ್ನೂ ಬಿಸಿ ಇತ್ತು. ಐವತ್ತು ನಿಮಿಷ ಇದ್ದದ್ದು ಐವತ್ತೆರಡಾಯಿತು. ಅಲ್ತಾಫ್ ಇಕ್ಬಾಲನಿಗೆ ಫೋಟೋ ಕಳಿಸಿದ. ಎರಡು ಟಿಕ್ ಬಂತು, ಬಣ್ಣ ನೀಲಿಯಾಗಲಿಲ್ಲ.

ರುದ್ರಣ್ಣ ಎದ್ದು ಹೋಗಿ ಪೆಟ್ಟಿಗೆ ಮೇಲೆ ಕೈ ಇಟ್ಟ. “ಇದೂ ಕಾದಿದೆಯಲ್ಲೋ,” ಅಂದ. ಮುಂದೆ ನೋಡಿದ, ಹಿಂದೆ ನೋಡಿದ, ಎತ್ತಿ ತಿರುಗಿಸಿ ಕೆಳಗೂ ಬೆರಳಾಡಿಸಿದ.

“ಏನು ಹುಡುಕ್ತಾ ಇದೀರಿ ರುದ್ರಣ್ಣ?”

“ಇದಕ್ಕೆ ಬಾಯೇ ಇಲ್ಲವಲ್ಲೋ ಕೊಟ್ರೇಶಿ. ಊದೋದು ಎಲ್ಲಿ?”